ಹನ್ನೊಂದು ಸ್ಥಳ, ಅರ್ಧ ಗಂಟೆ ಕಡಲು

ದಸರಾ ರಜೆ ಮುಗಿದು ಎರಡನೆಯ ಅವಧಿ ಶುರುವಾಯಿತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಹಾಳೆ ಮೇಜಿನಿಂದ ಮೇಜಿಗೆ ತಿರುಗಾಡತೊಡಗುತ್ತದೆ. ಶೈಕ್ಷಣಿಕ ಪ್ರವಾಸದ ಹಾಳೆ. ಮೇಲೆ 'ಕರಾವಳಿ ಪ್ರವಾಸ' ಎಂದು ದಪ್ಪಕ್ಷರದಲ್ಲಿ ಬರೆದು ಅಡಿಗೆ ಎರಡು ಗೆರೆ ಎಳೆದಿರುತ್ತಾರೆ. ಅದರ ಕೆಳಗೆ ಪಟ್ಟಿ: ಜೋಗ, ಗೋಕರ್ಣ, ಇಡಗುಂಜಿ, ಮುರ್ಡೇಶ್ವರ, ಕೊಲ್ಲೂರು, ಮರವಂತೆ, ಆನೆಗುಡ್ಡೆ, ಉಡುಪಿ, ಮಲ್ಪೆ, ಧರ್ಮಸ್ಥಳ, ಶೃಂಗೇರಿ. ಎಣಿಸಿದರೆ ಹನ್ನೊಂದು. ಶುಕ್ರವಾರ ರಾತ್ರಿ ಊಟ ಮುಗಿಸಿ ಹೊರಡುವುದು, ಸೋಮವಾರ ಬೆಳಗಿನ ಜಾವ ಊರು ಸೇರುವುದು. ಹಾಳೆ ನನ್ನ ಮೇಜಿಗೆ ಬರುವ ಹೊತ್ತಿಗೆ ಯಾರಾದರೊಬ್ಬರು, "ಮೇಡಂ, ದಾರೀಲೇ ಸಿಗುತ್ತೆ, ಇನ್ನೊಂದು ಸೇರಿಸಿಬಿಡೋಣ್ವಾ?" ಎನ್ನುತ್ತಾರೆ. ಒಂದು ತೆಗೆದುಬಿಡೋಣವೇ ಎಂದು ಕೇಳಿದವರನ್ನು ನನ್ನ ಇಷ್ಟು ವರ್ಷಗಳ ಸರ್ವೀಸಿನಲ್ಲಿ ನಾನು ಕಂಡಿಲ್ಲ.

ಈ ಪಟ್ಟಿಯ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ. ಅದನ್ನು ಇಲ್ಲಿ ಕಾರಿಕೊಳ್ಳುವವಳಿದ್ದೇನೆ. ಹೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆ ಪಟ್ಟಿಯ ಕೆಳಗೆ ಹಲವು ಸಲ ನಾನೂ ಸಹಿ ಹಾಕಿದವಳೇ.

ನಮ್ಮದು ಚಿತ್ರದುರ್ಗದ ಕಡೆಯ ಬಯಲುಸೀಮೆ. ನಮ್ಮ ಮಕ್ಕಳಿಗೆ ನೀರೆಂದರೆ ಬೋರ್‌ವೆಲ್ಲು, ಟ್ಯಾಂಕರು, ಒಂದು ಒಳ್ಳೆಯ ಮಳೆ ಬಂದ ವರ್ಷ ತುಂಬುವ ಕೆರೆ. ಸಾಗರ ಎಂಬ ಶಬ್ದಕ್ಕೆ ನಮ್ಮ ಜಿಲ್ಲೆಯಲ್ಲಿ ಅರ್ಥ ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ. ಅದು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿಸಿತು. ಆ ಸೆಪ್ಟೆಂಬರಿನಲ್ಲಿ ಕೋಡಿ ನೋಡಲು ಜನ ಜಾತ್ರೆಗೆ ಹೋದಂತೆ ಹೋದರು. ಅಂಥ ಊರಿನ ಮಗುವೊಂದು ಮೊದಲ ಸಲ ನಿಜವಾದ ಕಡಲನ್ನು ನೋಡುವುದೆಂದರೆ ಸಣ್ಣ ಸಂಗತಿಯೇ? ಅದಕ್ಕೆ ನಾವು ಕೊಡುವ ಸಮಯ ಅರ್ಧ ಗಂಟೆ. ಆ ಅರ್ಧ ಗಂಟೆಯೂ ಹಿಂದಿನ ಹತ್ತು ಊರುಗಳು ನುಂಗಿ ಬಿಟ್ಟುಕೊಟ್ಟರೆ ಮಾತ್ರ.

ಕೆಲವು ವರ್ಷಗಳ ಹಿಂದಿನ ಮಾತು. 52 ಮಕ್ಕಳು, ನಾಲ್ಕು ಜನ ಶಿಕ್ಷಕರು. ಹೆಂಗಸೆಂದರೆ ನಾನೊಬ್ಬಳೇ. ದಾರಿಯಲ್ಲಿ ಒಂದು ದೇವಸ್ಥಾನದಲ್ಲಿ ಸಾಲು ಉದ್ದವಿತ್ತು, ಇನ್ನೊಂದರಲ್ಲಿ ಊಟದ ಪಂಕ್ತಿ ತಡವಾಯಿತು, ಮತ್ತೊಂದು ಕಡೆ ಚಪ್ಪಲಿ ಹುಡುಕುವುದರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಸಂಜೆ ಐದಕ್ಕೆ ತಲುಪಬೇಕಾದ ಕಡಲತೀರವನ್ನು ತಲುಪಿದಾಗ ಏಳೂವರೆ. ಡಿಸೆಂಬರಿನ ಏಳೂವರೆ ಎಂದರೆ ಕಗ್ಗತ್ತಲೆ. ಮಕ್ಕಳು ಬಸ್ಸಿನಿಂದ ಇಳಿದು ಓಡಿದರು. ನನ್ನ ಪಕ್ಕದಲ್ಲಿ ನಿಂತಿದ್ದ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಓಡಲಿಲ್ಲ. ಸುತ್ತ ನೋಡಿ, "ಮಿಸ್, ಕಡಲು ಎಲ್ಲಿದೆ?" ಎಂದು ಕೇಳಿದಳು. ಎದುರಿಗೇ ಇತ್ತು. ಭೋರೆಂದು ಸದ್ದು ಬರುತ್ತಿತ್ತು. ಆಗಾಗ ಬೆಳ್ಳನೆಯ ನೊರೆಯ ಗೆರೆಯೊಂದು ಮೂಡಿ ಅಳಿಸಿಹೋಗುತ್ತಿತ್ತು. ಅದರಾಚೆ ಏನೂ ಕಾಣುತ್ತಿರಲಿಲ್ಲ. "ಅದೇ ನೋಡಮ್ಮಾ" ಎಂದು ಕತ್ತಲೆಯ ಕಡೆ ಬೆರಳು ತೋರಿಸಿದೆ. ಅವಳು ಬಹಳ ಹೊತ್ತು ಆ ಕಡೆಯೇ ನೋಡಿದಳು. "ನಾಳೆ ಬೆಳಿಗ್ಗೆ ಕಾಣ್ತದಾ ಮಿಸ್?" ಎಂದಳು. ನಾಳೆ ಬೆಳಿಗ್ಗೆ ನಾಲ್ಕಕ್ಕೆ ಬಸ್ಸು ಮುಂದಿನ ದೇವಸ್ಥಾನಕ್ಕೆ ಹೊರಡುವುದಿತ್ತು. ನಾನು ಉತ್ತರ ಕೊಡಲಿಲ್ಲ.

ಆಮೇಲೆ ಹೊರಡುವ ಮುನ್ನ ತಲೆ ಎಣಿಸಿದೆವು. ಐವತ್ತು. ಇನ್ನೊಮ್ಮೆ ಎಣಿಸಿದೆವು. ಐವತ್ತೇ. ಇಬ್ಬರು ಹುಡುಗಿಯರಿಲ್ಲ. ಆಗ ನನ್ನ ಹೊಟ್ಟೆಯೊಳಗೆ ಆದದ್ದನ್ನು ಬರೆಯಲು ನನಗೆ ಬರುವುದಿಲ್ಲ. ದೈಹಿಕ ಶಿಕ್ಷಕರು ಟಾರ್ಚು ಹಿಡಿದು ನೀರಿನ ಅಂಚಿಗೆ ಓಡಿದರು. ನಾನು ಹೆಸರು ಹಿಡಿದು ಕೂಗುತ್ತ ಎದುರು ದಿಕ್ಕಿಗೆ ಓಡಿದೆ. ಏಳೆಂಟು ನಿಮಿಷ ಕಳೆದಿರಬಹುದು, ದಡಕ್ಕೆ ಎಳೆದಿಟ್ಟಿದ್ದ ದೋಣಿಗಳ ಹಿಂದಿನಿಂದ ಇಬ್ಬರೂ ತಲೆ ತಗ್ಗಿಸಿಕೊಂಡು ಬಂದರು. ಮಧ್ಯಾಹ್ನದಿಂದ ಮೂತ್ರ ತಡೆದುಕೊಂಡಿದ್ದರಂತೆ. ಸಾರ್ ಹತ್ತಿರ ಹೇಳಲು ನಾಚಿಕೆ, ನನ್ನ ಹತ್ತಿರ ಹೇಳಲು ನಾನು ಹುಡುಗರನ್ನು ನೀರಿನಿಂದ ಹಿಂದಕ್ಕೆ ಕರೆಯುವುದರಲ್ಲಿ ಮುಳುಗಿದ್ದೆ. ಒಬ್ಬಳು ಕಾವಲಿಗೆ, ಇನ್ನೊಬ್ಬಳು ಕತ್ತಲೆಗೆ. ಬೈಯಲು ಬಾಯಿ ತೆರೆದೆ, ಮಾತು ಬರಲಿಲ್ಲ. ಬೈಸಿಕೊಳ್ಳಬೇಕಾದವರು ಅವರಲ್ಲವೆಂದು ಆ ಹೊತ್ತಿಗೇ ನನಗೆ ಗೊತ್ತಾಗಿತ್ತು.

ಊರಿಗೆ ಬಂದ ಮೇಲೆ ಕನ್ನಡ ಪಿರಿಯಡ್ಡಿನಲ್ಲಿ 'ನಾನು ಕಂಡ ಕಡಲು' ಎಂದು ಪ್ರಬಂಧ ಬರೆಸಿದೆ. ಎಲ್ಲರೂ ಗೈಡಿನಿಂದ ಇಳಿಸಿದಂತೆ ಕಡಲು ನೀಲಿಯಾಗಿರುತ್ತದೆ, ವಿಶಾಲವಾಗಿರುತ್ತದೆ, ಅಲೆಗಳು ನರ್ತಿಸುತ್ತವೆ ಎಂದು ಬರೆದಿದ್ದರು. ಆ ಹುಡುಗಿ ಬರೆದಿದ್ದಳು: ಕಡಲು ಕಪ್ಪಗಿರುತ್ತದೆ, ಅದಕ್ಕೆ ಸದ್ದು ಮಾತ್ರ ಇರುತ್ತದೆ. ಅವಳಿಗೆ ಹೆಚ್ಚು ಅಂಕ ಕೊಟ್ಟೆ. ಮುಂದಿನ ವರ್ಷ ಅವಳು ಎಸ್ಸೆಸ್ಸೆಲ್ಸಿ ಮುಗಿಸಿ ಹೋದಳು. ಆಮೇಲೆ ಕಡಲು ನೋಡಿದಳೋ ಇಲ್ಲವೋ.

ಈಗ ಆ ಪಟ್ಟಿಯ ಲೆಕ್ಕ ಮಾಡೋಣ. ಲೆಕ್ಕ ನನ್ನ ವಿಷಯವಲ್ಲ, ಆದರೆ ಇಷ್ಟಕ್ಕೆ ಗಣಿತದ ಮೇಷ್ಟ್ರು ಬೇಕಿಲ್ಲ. ನಮ್ಮ ಊರಿನಿಂದ ಆ ಹನ್ನೊಂದು ಸ್ಥಳ ಸುತ್ತಿ ಬರಲು ಸಾವಿರ ಕಿಲೋಮೀಟರಿನ ಹತ್ತಿರವಾಗುತ್ತದೆ. ಅದರಲ್ಲಿ ಇಳಿಯುವುದೊಂದು ಘಟ್ಟ, ಹತ್ತುವುದೊಂದು ಘಟ್ಟ. ಬಸ್ಸು ಗಂಟೆಗೆ ಸರಾಸರಿ 40 ಕಿಲೋಮೀಟರ್ ಓಡಿತು ಎಂದುಕೊಂಡರೂ 25 ಗಂಟೆ ಸೀಟಿನ ಮೇಲೆ. ಉಳಿದ ಹೊತ್ತನ್ನು ಹನ್ನೊಂದು ಸ್ಥಳಕ್ಕೆ, ಐದಾರು ಊಟ ತಿಂಡಿಗೆ, ಒಂದರ್ಧ ರಾತ್ರಿಯ ನಿದ್ದೆಗೆ ಹಂಚಬೇಕು. ಡ್ರೈವರ್ ಎರಡು ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಡಿಸಬೇಕು. 'ಅವಸರವೇ ಅಪಘಾತಕ್ಕೆ ಕಾರಣ' ಎಂಬ ಬೋರ್ಡುಗಳನ್ನು ದಾರಿಯುದ್ದಕ್ಕೂ ನೋಡುತ್ತೇವೆ. ಮಕ್ಕಳಿಗೆ ಗಟ್ಟಿಯಾಗಿ ಓದಿಸುತ್ತೇವೆ ಕೂಡ. ಬಸ್ಸಿನೊಳಗೆ ನಮ್ಮ ಜೇಬಿನಲ್ಲಿರುವ ಹಾಳೆಯೇ ಅವಸರದ ಹಾಳೆ ಎಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ.

ಇನ್ನೊಂದು ಲೆಕ್ಕವಿದೆ. ಅದನ್ನು ಯಾವ ಗಂಡಸೂ ಆ ಹಾಳೆಯಲ್ಲಿ ಮಾಡಿದ್ದಿಲ್ಲ. ಬಸ್ಸಿನಲ್ಲಿ ಮೂವತ್ತು ಹುಡುಗಿಯರು. ನಿಲ್ಲಿಸಿದ ಕಡೆ ಬಳಸಬಹುದಾದ ಶೌಚಾಲಯ ಒಂದು. ಒಬ್ಬೊಬ್ಬರಿಗೆ ಮೂರು ನಿಮಿಷವೆಂದರೆ 90 ನಿಮಿಷ. ಪಟ್ಟಿಯಲ್ಲಿ ಅದಕ್ಕೆ ಇಟ್ಟಿರುವುದು ಕಾಫಿ ಸಮೇತ ಹದಿನೈದು ನಿಮಿಷ. ಹುಡುಗರದ್ದು ರಸ್ತೆಯ ಪಕ್ಕದ ಬೇಲಿಯಲ್ಲಿ ಎರಡು ನಿಮಿಷಕ್ಕೆ ಮುಗಿಯುತ್ತದೆ. ಸಾಲಿನಲ್ಲಿ ಆರನೆಯವಳೋ ಏಳನೆಯವಳೋ ಒಳಗೆ ಹೋಗುವಷ್ಟರಲ್ಲಿ ಸೀಟಿ ಊದುತ್ತದೆ. ಉಳಿದವರು ಹಾಗೆಯೇ ಬಸ್ಸು ಹತ್ತುತ್ತಾರೆ. ಒಂದು ಸಲ ಹೀಗಾದರೆ ಎರಡನೆಯ ಸಲಕ್ಕೆ ಹುಡುಗಿಯರು ಉಪಾಯ ಕಂಡುಕೊಳ್ಳುತ್ತಾರೆ. ನೀರು ಕುಡಿಯುವುದನ್ನೇ ಬಿಡುತ್ತಾರೆ. ಹೊರಟಾಗ ತುಂಬಿಸಿಕೊಟ್ಟ ಬಾಟಲಿ ವಾಪಸ್ಸು ಬಂದಾಗಲೂ ಹಾಗೆಯೇ ಇರುತ್ತದೆ. ತಾಯಂದಿರು ಅದನ್ನು ನೋಡಿ, "ನೀರೇ ಕುಡ್ದಿಲ್ಲ ನೋಡು" ಎಂದು ಮಗಳನ್ನು ಗದರುತ್ತಾರೆ. ನಾವು ತಾಯಂದಿರು ಹೀಗೆ ಗದರಬಾರದು, ಏಕೆಂದರೆ ಮದುವೆಯ ದಿಬ್ಬಣದ ಬಸ್ಸಿನಲ್ಲಿ, ಮನೆದೇವರ ಯಾತ್ರೆಯಲ್ಲಿ ನಾವು ಮಾಡುವುದೂ ಅದನ್ನೇ.

ಇದಕ್ಕಿಂತ ಬೇಸರದ ಸಂಗತಿ ಇನ್ನೊಂದು. ಬರೆಯಲು ಸಂಕೋಚವಾದರೂ ಬರೆಯುತ್ತೇನೆ. ಪ್ರವಾಸದ ವಾರ ನನ್ನ ಹತ್ತಿರ ಬಂದು ಕೆಲವು ತಾಯಂದಿರು ಮೆಲ್ಲಗೆ ಕೇಳುತ್ತಾರೆ: "ಮಿಸ್, ಇವಳ ಡೇಟು ಅದೇ ದಿನ ಬೀಳುತ್ತೆ. ಮಾತ್ರೆ ಕೊಟ್ಟು ಕಳಿಸ್ಲಾ?" ಮುಟ್ಟು ಮುಂದೆ ಹಾಕುವ ಮಾತ್ರೆ, ಹದಿನಾಲ್ಕು ವರ್ಷದ ಮಗುವಿಗೆ. ವೈದ್ಯರನ್ನು ಕೇಳಿ ಕೊಡುವವರು ಎಷ್ಟು ಜನ? ಮೆಡಿಕಲ್ ಶಾಪಿನವನ ಮಾತೇ ಸಾಕಾಗುತ್ತದೆ. ಯಾಕೆ ಕೊಡಬೇಕು? ಪಟ್ಟಿಯ ತುಂಬ ದೇವಸ್ಥಾನ, ದಾರಿಯ ತುಂಬ ಶೌಚಾಲಯವಿಲ್ಲದ ನಿಲುಗಡೆ. ಮಾತ್ರೆ ಕೊಡಲು ಮನಸ್ಸು ಬಾರದವರು ಮಗಳನ್ನು ಮನೆಯಲ್ಲೇ ಇರಿಸಿಕೊಳ್ಳುತ್ತಾರೆ. ಕಟ್ಟಿದ ಹಣ ಹೋಗುತ್ತದೆ, ಕಡಲೂ ಹೋಗುತ್ತದೆ. ದೇವರ ಮೇಲೆ ನನಗೆ ಮುನಿಸಿಲ್ಲ, ಕೊಲ್ಲೂರಿಗೆ ಹರಕೆ ಹೊತ್ತು ಹೋಗಿ ಬಂದವಳೇ ನಾನು. ಆದರೆ ದೇವರ ದರ್ಶನಕ್ಕೆ ಮನೆಯವರು ಇದ್ದಾರೆ. ಕಡಲನ್ನು ಪಾಠವಾಗಿ ತೋರಿಸುವ ಕೆಲಸ ಶಾಲೆಯದು. ತನ್ನ ಮೈಯನ್ನು ಮುಂದೂಡಿಕೊಂಡು ಬಾ ಎಂದು ಒಬ್ಬ ಹುಡುಗಿಗೆ ಹೇಳುವ ಪ್ರವಾಸಕ್ಕೆ ಶೈಕ್ಷಣಿಕ ಎಂಬ ಹೆಸರು ಯಾಕೆ?

2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ತೀರಿಹೋದರು. ಆ ಸುದ್ದಿ ಬಂದ ರಾತ್ರಿ ನಾನು ಮಲಗಲಿಲ್ಲ. ಕೋಲಾರವೂ ನಮ್ಮಂಥದ್ದೇ ಬಯಲುಸೀಮೆ. ಅಲ್ಲಿ ನಾನಿರಲಿಲ್ಲ. ಯಾರ ತಪ್ಪು ಎಷ್ಟೆಂದು ತೂಗುವುದು ನನ್ನ ಕೆಲಸವಲ್ಲ. ದೋಣಿಗಳ ಹಿಂದಿನಿಂದ ನಡೆದುಬಂದ ನನ್ನ ಇಬ್ಬರು ಹುಡುಗಿಯರು ಮಾತ್ರ ಕಣ್ಣಮುಂದೆ ಬರುತ್ತಿದ್ದರು. ಅವರು ಬಂದರು, ಆ ನಾಲ್ವರು ಬರಲಿಲ್ಲ. ನನ್ನ ಜಾಣತನದಿಂದ ಅವರು ಬಂದರೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ಅಂದಿನಿಂದ ಕಡಲನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆ, ನಮ್ಮ ವಿಜ್ಞಾನದ ಮೇಡಮ್ಮನ್ನು ಪೀಡಿಸಿ ಕೇಳಿದೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕಲ್ಲ? ಅದು ಕೆಲವು ಕಡೆ ಒಂದೇ ಇಕ್ಕಟ್ಟಾದ ಕಾಲುವೆಯಂತೆ ಸೇರಿಕೊಂಡು ಜೋರಾಗಿ ಒಳಕ್ಕೆ ಹರಿಯುತ್ತದೆ. ಅದೇ ಸೆಳೆತ. ಆ ಕಾಲುವೆ ಇದ್ದಲ್ಲಿ ಅಲೆಗಳು ಹೆಚ್ಚು ಒಡೆಯುವುದಿಲ್ಲ. ಎರಡೂ ಪಕ್ಕ ನೊರೆ ಕುದಿಯುತ್ತಿದ್ದರೆ ನಡುವೆ ಆ ಜಾಗ ಮಾತ್ರ ಶಾಂತವಾಗಿ ಕಾಣುತ್ತದೆ. ಈಗ ಯೋಚಿಸಿ, ಕೆರೆ ಮಾತ್ರ ನೋಡಿ ಬೆಳೆದ ನಮ್ಮ ಮಗು ಯಾವ ಜಾಗ ಆರಿಸಿಕೊಳ್ಳುತ್ತದೆ? ಅಲೆಗೆ ಹೆದರಿ, ಶಾಂತವಾಗಿರುವ ಕಡೆಗೇ ಹೋಗುತ್ತದೆ. ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದ ಕಡೆ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ಅದರ ಜೊತೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಹೊರಬರಬೇಕು, ಆಗದಿದ್ದರೆ ತೇಲಿಕೊಂಡು ಕೈಯೆತ್ತಿ ಕರೆಯಬೇಕು ಎನ್ನುತ್ತಾರೆ ತಿಳಿದವರು. ಇದೆಲ್ಲ ಈಜು ಬಲ್ಲವರ ಮಾತು. ಈಜು ಬಾರದ ಮಗುವಿಗೆ ಮೊಣಕಾಲು ಮುಳುಗುವ ನೀರೇ ಹೆಚ್ಚು.

ಇಷ್ಟನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಲು ಒಂದು ಪಿರಿಯಡ್ಡು ಸಾಕು. ಪ್ರವಾಸಕ್ಕೆ ಮುಂಚೆ ಯಾವ ಶಾಲೆಯಲ್ಲಾದರೂ ಆ ಒಂದು ಪಿರಿಯಡ್ಡು ತೆಗೆದುಕೊಂಡರೇ ಎಂದು ನಾನು ಕೇಳುವುದಿಲ್ಲ. ನಾನೇ ತೆಗೆದುಕೊಂಡಿರಲಿಲ್ಲ. ನಾವು ಹೇಳಿಕೊಟ್ಟದ್ದು ಸಮವಸ್ತ್ರ, ಗುರುತಿನ ಚೀಟಿ, ಚಕ್ಕುಲಿ ತರಬಹುದು ಎಂಬುದು.

ಇನ್ನು ಆ ಅರ್ಧ ಗಂಟೆ. ಹಸಿದವನ ಮುಂದೆ ಎಲೆ ಹಾಕಿ ಬಡಿಸಿ, ಹತ್ತು ಎಣಿಸುವುದರೊಳಗೆ ಏಳು ಎಂದರೆ ಅವನು ಬಾಚಿ ಬಾಚಿ ತಿನ್ನದೆ ಏನು ಮಾಡುತ್ತಾನೆ? ಜೀವಮಾನದಲ್ಲಿ ಮೊದಲ ಸಲ ಕಡಲು ಕಂಡ ಮಗುವಿಗೆ ಬಸ್ಸಿನ ಬಾಗಿಲಲ್ಲೇ "ಅರ್ಧ ಗಂಟೆ ಮಾತ್ರ" ಎಂದು ಕೂಗಿದರೆ ಅದು ಓಡುತ್ತದೆ. ಮೊದಲು ನಿಂತು ನೋಡುವುದು, ಪಾದ ನೆನೆಸುವುದು, ಅಲೆಯ ಲಯ ತಿಳಿಯುವುದು, ಹೆದರುವುದು, ಇದಕ್ಕೆಲ್ಲ ಹೊತ್ತು ಬೇಕು. ಕಡಲಿಗೆ ಹೆದರಲು ಕೂಡ ನಾವು ಮಕ್ಕಳಿಗೆ ಪುರುಸೊತ್ತು ಕೊಡುವುದಿಲ್ಲ.

ಈ ಮಾತನ್ನು ನಾನು ಸ್ಟಾಫ್ ಮೀಟಿಂಗಿನಲ್ಲಿ ಎತ್ತಿದಾಗ ಮೂರು ಉತ್ತರ ಬಂದವು.

ಮೊದಲನೆಯದು, "ಹಾಗಾದರೆ ಕಡಲೇ ಬೇಡ ಬಿಡಿ ಮೇಡಂ, ಹಂಪಿಗೆ ಕರಕೊಂಡು ಹೋಗೋಣ." ಇದು ಸೋಮಾರಿಯ ಉತ್ತರ. ಕರ್ನಾಟಕಕ್ಕೆ 300 ಕಿಲೋಮೀಟರಿಗೂ ಹೆಚ್ಚು ಉದ್ದದ ಕರಾವಳಿ ಇದೆ. ಅದು ಬಯಲುಸೀಮೆಯ ಮಗುವಿನದೂ ಹೌದು. ನಮ್ಮ ಸಿದ್ಧತೆ ಸಾಲದೆಂದು ಮಗುವಿನ ಪಾಲನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ? ಇಂಥ ನಿಷೇಧದ ಮೊದಲ ಪೆಟ್ಟು ಬೀಳುವುದೂ ಹೆಣ್ಣುಮಕ್ಕಳ ಮೇಲೆ. ಹುಡುಗರು ನಾಳೆ ಗೆಳೆಯರ ಜೊತೆ ಬೈಕು ಹತ್ತಿ ಹೋಗಿ ನೋಡಿಯಾರು. ಹುಡುಗಿಗೆ ಶಾಲೆಯ ಬಸ್ಸು ತಪ್ಪಿದರೆ ಮುಂದಿನ ಬಸ್ಸು ಮದುವೆಯಾದ ಮೇಲೆ, ಅದೂ ಗಂಡನ ಮನೆಯವರು ಕರೆದೊಯ್ದರೆ.

ಎರಡನೆಯದು, "ಬಡ ಮಕ್ಕಳು ಮೇಡಂ, ಮತ್ತೆ ಯಾವಾಗ ಹೋಗ್ತಾರೆ? ಒಂದೇ ಸಲಕ್ಕೆ ಎಲ್ಲಾ ತೋರಿಸಿಬಿಡೋಣ." ಈ ಮಾತಿನಲ್ಲಿ ಕರುಣೆಯಿದೆ, ಅದಕ್ಕೇ ಇದನ್ನು ಎದುರಿಸುವುದು ಕಷ್ಟ. ಆದರೂ ಎದುರಿಸುತ್ತೇನೆ. ಮತ್ತೆ ಹೋಗುವುದಿಲ್ಲ ಎಂಬ ಕಾರಣಕ್ಕೇ ಒಂದನ್ನಾದರೂ ಕಣ್ತುಂಬ ತೋರಿಸಬೇಕು. ಉಳ್ಳವರ ಮಕ್ಕಳು ಅರ್ಧ ನೋಡಿದ್ದನ್ನು ಮುಂದಿನ ರಜೆಯಲ್ಲಿ ಪೂರ್ತಿ ನೋಡಿಕೊಳ್ಳುತ್ತಾರೆ. ನಮ್ಮ ಮಗುವಿಗೆ ಅರ್ಧ ನೋಡಿದ್ದು ಕೊನೆಯವರೆಗೂ ಅರ್ಧವೇ. ಹನ್ನೊಂದು ಊರಿನ ಹೆಸರು ಹೇಳಲು ಬಂದರೆ ಕಂಡಂತಾಯಿತೇ? ಕೋಶ ಓದಬೇಕು, ದೇಶ ಸುತ್ತಬೇಕು ಎಂದರು ಹಿರಿಯರು. ಕೋಶದ ಪುಟಗಳನ್ನು ಓದದೆ ಬರೀ ತಿರುವಿ ಹಾಕಿದ ಮಗುವನ್ನು ನಾವು ಬೈಯುತ್ತೇವೆ. ದೇಶವನ್ನು ಹಾಗೆ ತಿರುವಿ ಹಾಕಿಸುವವರು ನಾವೇ.

ಮೂರನೆಯದು, "ಪೇರೆಂಟ್ಸ್ ಒಪ್ಪಲ್ಲ ಮೇಡಂ." ಇದು ಸುಳ್ಳಲ್ಲ. ಒಂದು ವರ್ಷ ನಾನೇ ಹಟ ಹಿಡಿದು ಪಟ್ಟಿ ಇಳಿಸಲು ಹೋದಾಗ ಒಬ್ಬ ತಾಯಿ ಗೇಟಿನಲ್ಲೇ ನಿಲ್ಲಿಸಿ, "ಏನ್ ಮಿಸ್, ಅಷ್ಟು ದುಡ್ಡು ಇಸ್ಕೊಂಡು ಮೂರೇ ಊರಾ? ಪಕ್ಕದ ಸ್ಕೂಲ್‌ನೋರು ಹನ್ನೆರಡು ಊರು ತೋರ್ಸ್ತಾರಂತೆ" ಎಂದು ಕೇಳಿದರು. ಪಾಪ, ಹೊಲಿಗೆ ಯಂತ್ರ ತುಳಿದು ಕೂಡಿಟ್ಟ ದುಡ್ಡು. ಅಷ್ಟಕ್ಕೆ ಎಷ್ಟು ಬಂತು ಎಂದು ಕೇಳುವ ಹಕ್ಕು ಆಕೆಗಿದೆ. ಆದರೆ ಸಂತೆಯಲ್ಲಿ ಸೊಪ್ಪಿನ ಕಟ್ಟು ಎಣಿಸಿದಂತೆ ಊರು ಎಣಿಸುವುದನ್ನು ಆಕೆಗೆ ಕಲಿಸಿದವರು ಯಾರು? ನಮ್ಮ ಶಾಲೆಗಳೇ. ವಾರ್ಷಿಕೋತ್ಸವದ ವರದಿಯಲ್ಲಿ ಇಷ್ಟು ಸ್ಥಳ ತೋರಿಸಿದೆವು ಎಂದು ಓದಿ ಚಪ್ಪಾಳೆ ಹೊಡೆಸಿಕೊಂಡವರು ನಾವು.

ಬರೀ ಬೈದರೆ ಆಗದು. ನನ್ನದೊಂದು ಪ್ರವಾಸದ ಹಾಳೆ ಇದೆ, ನೋಡಿ.

ಅದನ್ನು ಬರೆಯುವ ಮೊದಲು ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದೊಂದು ಖಾಲಿ ಚೀಟಿ ಕೊಟ್ಟು, ಕಡಲ ಬಗ್ಗೆ ನಿಮಗೇನು ತಿಳಿಯಬೇಕು ಎಂದು ಕೇಳಿದೆ. ಕಡಲ ನೀರು ನಿಜವಾಗಿಯೂ ಉಪ್ಪಾ? ರಾತ್ರಿ ಅಲೆ ನಿಲ್ಲುತ್ತದಾ? ಅಷ್ಟೊಂದು ನದಿ ಸೇರಿದರೂ ಕಡಲು ಯಾಕೆ ಕೋಡಿ ಬೀಳಲ್ಲ? ಮೀನು ಹಿಡಿಯುವವರ ಮನೆ ಹೆಂಗಸರು ಏನು ಕೆಲಸ ಮಾಡುತ್ತಾರೆ? ಬಟ್ಟೆ ಒದ್ದೆಯಾದರೆ ಎಲ್ಲಿ ಬದಲಾಯಿಸೋದು? ಕೊನೆಯ ಪ್ರಶ್ನೆ ಹನ್ನೆರಡು ಚೀಟಿಗಳಲ್ಲಿತ್ತು. ಎಲ್ಲವೂ ಹುಡುಗಿಯರವೇ. ಇದೇ ನನ್ನ ಪಟ್ಟಿಯ ತಳಪಾಯ.

ಹನ್ನೊಂದು ಊರಿನ ಬದಲು ಒಂದು ನದಿ, ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಸುಮಾರು 130 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಬೆಳಿಗ್ಗೆ ಐದಕ್ಕೆ ಊರು ಬಿಟ್ಟು, ರಾತ್ರಿ ಪ್ರಯಾಣ ಪೂರ್ತಿ ಕೈಬಿಟ್ಟು, ಜೋಗದಲ್ಲಿ ಇಳಿಯುವುದು. ಡಿಸೆಂಬರಿನಲ್ಲಿ 830 ಅಡಿಯ ಜೋಗದಲ್ಲಿ ನೀರು ಸಣ್ಣಗಿರುತ್ತದೆ. ಎಲ್ಲಿ ಹೋಯಿತು ನೀರು ಎಂದು ಮಕ್ಕಳು ಕೇಳುತ್ತಾರೆ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಹಿಡಿದಿಟ್ಟದ್ದು ಕರೆಂಟಾಗಿ ನಾಡಿನ ಮನೆಮನೆಗೆ ಹೋಗುತ್ತದೆಂದು ಅಲ್ಲೇ ನಿಂತು ಹೇಳಬಹುದು. ಅಲ್ಲಿಂದ ಗೇರುಸೊಪ್ಪೆಯ ಘಟ್ಟ ಇಳಿದರೆ ಅದೇ ನದಿ ಪಕ್ಕದಲ್ಲಿ ಬರುತ್ತದೆ. ಗೇರುಸೊಪ್ಪೆಯಿಂದ ಆಳಿದ ಹದಿನಾರನೆಯ ಶತಮಾನದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ನಮ್ಮ ಹುಡುಗಿಯರು ಒನಕೆ ಓಬವ್ವನ ಊರಿನವರು, ಈ ರಾಣಿಯ ಹೆಸರನ್ನು ಮಾತ್ರ ಅವರು ಕೇಳಿಲ್ಲ. ಬಿಸಿಲಿರುವಾಗಲೇ ಹೊನ್ನಾವರ ಸೇರಿ, ಸೂರ್ಯ ಮುಳುಗುವುದನ್ನು ದಡದಲ್ಲಿ ಕುಳಿತು ನೋಡುವುದು. ಅಂದು ನೀರಿಗೆ ಕಾಲಿಡುವುದಿಲ್ಲ. ಬರೀ ನೋಡುವುದು.

ಎರಡನೆಯ ದಿನ ಪೂರ್ತಿ ಕಡಲಿಗೆ. ಹೊನ್ನಾವರದ ಪಕ್ಕದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು, ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಅದೇ ವರ್ಷ. ಆ ಮನ್ನಣೆ ಸಿಗಬೇಕಾದರೆ ಬರೀ ಮರಳು ಚೆಂದವಿದ್ದರೆ ಸಾಲದು. ನೀರು ಶುದ್ಧವಿರಬೇಕು, ಶೌಚಾಲಯವಿರಬೇಕು, ಜೀವರಕ್ಷಕರಿರಬೇಕು. ತೀರ ಆರಿಸುವಾಗ ನೋಡಬೇಕಾದದ್ದು ಇದು. ಬೆಳಿಗ್ಗೆ ನೀರು ಎಲ್ಲಿತ್ತೆಂದು ಮರಳಿನಲ್ಲಿ ಕಡ್ಡಿ ನೆಟ್ಟು, ಮಧ್ಯಾಹ್ನ ಎಲ್ಲಿದೆಯೆಂದು ನೋಡಿದರೆ ಉಬ್ಬರ ಇಳಿತ ಅರ್ಥವಾಗಿಬಿಡುತ್ತದೆ. ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವ ಆ ನೀರು ದಿನದಿನಕ್ಕೂ ಸುಮಾರು 50 ನಿಮಿಷ ತಡವಾಗುತ್ತದೆ, ಚಂದ್ರ ತಡವಾಗಿ ಹುಟ್ಟುವುದಕ್ಕೆ ತಾಳೆಯಾಗಿ. ಶರಾವತಿಯ ಅಳಿವೆಯ ಕಾಂಡ್ಲಾ ಕಾಡಿನೊಳಗೆ ಮರದ ನಡೆದಾರಿ ಮಾಡಿದ್ದಾರೆ. ಕೆಸರಿನಿಂದ ಮೇಲೆದ್ದು ಉಸಿರಾಡುವ ಬೇರುಗಳನ್ನು ಪುಸ್ತಕದ ಚಿತ್ರದಲ್ಲಿ ಎಷ್ಟು ಸಲ ತೋರಿಸಿದ್ದೇವೆ! ಆಮೇಲೆ ಮೀನು ಬಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮ ಯಾಕೆ ಎಂದು ಅಲ್ಲಿನವರನ್ನೇ ಕೇಳಬಹುದು. ಮೀನು ವಿಂಗಡಿಸುವ, ಮಾರುವ ಹೆಂಗಸರ ಜೊತೆ ನಮ್ಮ ಹುಡುಗಿಯರು ಅರ್ಧ ಗಂಟೆ ಮಾತಾಡಲಿ. ಅರ್ಧ ಗಂಟೆಯ ಸರಿಯಾದ ಬಳಕೆ ಅದು.

ಮೂರನೆಯ ದಿನ ಕುಮಟಾ ದಾಟಿ ಮಿರ್ಜಾನ್ ಕೋಟೆ. ಕಾಳುಮೆಣಸಿನ ರಾಣಿಯ ಕತೆ ಅಲ್ಲಿ ಕಲ್ಲಿನಲ್ಲಿ ಕಾಣುತ್ತದೆ. ಹೊತ್ತಿದ್ದರೆ ಸಾಣಿಕಟ್ಟೆಯ ಉಪ್ಪಿನ ಗದ್ದೆ. 1930ರಲ್ಲಿ ಅಂಕೋಲೆಯವರು ಉಪ್ಪಿನ ಕಾನೂನು ಮುರಿದದ್ದನ್ನು ನಾನು ಪಾಠ ಮಾಡುತ್ತೇನೆ. ಉಪ್ಪು ನೆಲದ ಮೇಲೆ ಹೇಗೆ ಬೆಳೆಯುತ್ತದೆಂದು ನನ್ನ ಮಕ್ಕಳು ನೋಡಿಲ್ಲ. ಆಮೇಲೆ ವಾಪಸ್ಸು. ಇಡೀ ಸುತ್ತಾಟ 600 ಚಿಲ್ಲರೆ ಕಿಲೋಮೀಟರ್. ಬಾಡಿಗೆ ಬಸ್ಸಿಗೆ ದುಡ್ಡು ಕೊಡುವುದು ಕಿಲೋಮೀಟರ್ ಲೆಕ್ಕದಲ್ಲಿ. ಅಲ್ಲಿ ಉಳಿದ ಹಣದಲ್ಲಿ ಎರಡು ರಾತ್ರಿ ಬಾಗಿಲಿಗೆ ಚಿಲಕವಿರುವ, ಹತ್ತು ಹುಡುಗಿಯರಿಗೊಂದಾದರೂ ಬಚ್ಚಲಿರುವ ಜಾಗ ಹಿಡಿಯಬಹುದು. ಮತ್ತೆ, ಹೆಂಗಸರು ಒಬ್ಬರಲ್ಲ, ಇಬ್ಬರಾದರೂ ಜೊತೆಗಿರಬೇಕು.

ಹಾಳೆ ಓದಿದ ಮುಖ್ಯೋಪಾಧ್ಯಾಯರು, "ಚೆನ್ನಾಗಿದೆ ಮೇಡಂ, ಯೋಚನೆ ಮಾಡೋಣ" ಎಂದಿದ್ದಾರೆ. ನಮ್ಮ ಇಲಾಖೆಯಲ್ಲಿ ಯೋಚನೆ ಮಾಡೋಣ ಎಂಬ ಮಾತಿನ ಅರ್ಥ ನನಗೆ ಗೊತ್ತು. ಹನ್ನೊಂದರ ಪಟ್ಟಿ ಇನ್ನೂ ಮೇಜಿನ ಮೇಲೆಯೇ ಇದೆ. ಈ ಸಲ ಅದರ ಕೆಳಗೆ ನಾನು ಸಹಿ ಹಾಕಿಲ್ಲ. ಪ್ರವಾಸದ ಜೊತೆಗೆ ಹೋಗುವ ಹೆಂಗಸು ಇಲ್ಲದೆ ಹುಡುಗಿಯರ ಬಸ್ಸು ಹೊರಡುವಂತಿಲ್ಲ ಎಂಬುದೊಂದೇ ನನ್ನ ಕೈಯಲ್ಲಿರುವ ಅಸ್ತ್ರ.

ಅದು ಸಾಲದು, ಅದಕ್ಕೇ ನಿಮ್ಮ ಮುಂದೆ ಬಂದಿದ್ದೇನೆ. 2023ರ ಜೂನ್ 11ರಿಂದ ನಮಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಮ್ಮ ಬೀದಿಯ ಹೆಂಗಸರು ಗುಂಪು ಕಟ್ಟಿಕೊಂಡು ಧರ್ಮಸ್ಥಳ, ಉಡುಪಿ ಎಂದು ಹೋಗಿಬಂದರು. ಸಂತೋಷವೇ. ಹೋಗಿ ಬಂದವರನ್ನು "ಮಲ್ಪೆಯ ಕಡಲು ಹೇಗಿತ್ತು?" ಎಂದು ಕೇಳಿದೆ. "ಅಯ್ಯೋ, ಟೈಮೇ ಆಗಲಿಲ್ಲ ಕಣ್ರೀ, ಬಸ್ಸಿಂದಲೇ ನೋಡಿದ್ವಿ" ಎಂದರು. ಟಿಕೆಟ್ಟು ಸೊನ್ನೆಯಾದರೂ ನಮ್ಮ ತಲೆಯೊಳಗಿನ ಪಟ್ಟಿ ಹಾಗೆಯೇ ಇದೆ. ನಮಗೆ ಕೊಟ್ಟದ್ದನ್ನೇ ನಾವು ಮಕ್ಕಳಿಗೂ ಕೊಡುತ್ತಿದ್ದೇವೆ.

ಡಿಸೆಂಬರಿಗೆ ಮುಂಚೆ ನಿಮ್ಮ ಮಗಳು ಒಂದು ಒಪ್ಪಿಗೆ ಪತ್ರ ತಂದು, "ಅಮ್ಮಾ, ಸೈನ್ ಹಾಕು, ನಾಳೇನೇ ಲಾಸ್ಟ್ ಡೇಟು" ಎಂದು ಒಲೆಯ ಮುಂದೆ ನಿಲ್ಲುತ್ತಾಳೆ. ಒಗ್ಗರಣೆ ಸೀಯುತ್ತಿದ್ದರೆ ಒಲೆ ಆರಿಸಿ. ಸಹಿ ಹಾಕುವ ಮೊದಲು ಶಾಲೆಗೊಂದು ಫೋನು ಮಾಡಿ, ಇಲ್ಲವೇ ಸೆರಗು ಸಿಕ್ಕಿಸಿಕೊಂಡು ಹೋಗಿಬನ್ನಿ. ಎಷ್ಟು ಸ್ಥಳ ತೋರಿಸುತ್ತೀರಿ ಎಂದು ದಯವಿಟ್ಟು ಕೇಳಬೇಡಿ. ಕಡಲ ಹತ್ತಿರ ಹೋಗುವಾಗ ಬೆಳಕಿರುತ್ತದೆಯೇ, ಅಲ್ಲಿ ಎಷ್ಟು ಹೊತ್ತು ಇರುತ್ತೀರಿ ಎಂದು ಕೇಳಿ. ಜೀವರಕ್ಷಕರಿರುವ ತೀರವೇ ಎಂದು ಕೇಳಿ. ಹುಡುಗಿಯರು ಎಲ್ಲೆಲ್ಲಿ ಶೌಚಾಲಯಕ್ಕೆ ಇಳಿಯುತ್ತಾರೆ, ಅದಕ್ಕೆ ಎಷ್ಟು ನಿಮಿಷ ಇಟ್ಟಿದ್ದೀರಿ ಎಂದು ನಾಚಿಕೆಯಿಲ್ಲದೆ ಕೇಳಿ. ರಾತ್ರಿ ಬಸ್ಸು ಓಡುತ್ತದೆಯೇ, ಹೆಂಗಸರು ಎಷ್ಟು ಜನ ಜೊತೆಗಿರುತ್ತಾರೆ, ಸೆಳೆತ ಎಂದರೇನೆಂದು ಮಕ್ಕಳಿಗೆ ಹೇಳಿಕೊಟ್ಟಿದ್ದೀರಾ ಎಂದು ಕೇಳಿ.

ಒಬ್ಬ ತಾಯಿ ಕೇಳಿದರೆ ತಕರಾರಿನವಳು ಎನ್ನುತ್ತಾರೆ. ಹತ್ತು ಜನ ಕೇಳಿದರೆ ಸ್ಟಾಫ್ ಮೀಟಿಂಗ್ ಕರೆಯುತ್ತಾರೆ. ಇಪ್ಪತ್ತು ಜನ ಕೇಳಿದ ದಿನ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ. ಅಲ್ಲಿಯವರೆಗೆ ಮೇಜಿನ ಮೇಲಿನ ಆ ಹಾಳೆಯನ್ನು ನಾನು ನನ್ನ ಹಾಜರಿ ಪುಸ್ತಕದ ಕೆಳಗೆ ಒತ್ತಿಟ್ಟುಕೊಂಡಿರುತ್ತೇನೆ.